ಒಳಹೋದ ಜಾಡು

2000ದ ಸೆಪ್ಟೆಂಬರ್ 14, ಬೆಳಗಿನ ಒಂಬತ್ತು ಗಂಟೆ. ಎಸ್ಟೋನಿಯಾದ ಈಶಾನ್ಯ ಮೂಲೆಯ ಪೈನ್ ಕಾಡಿನೊಳಗೆ, ಕುರ್ತ್ನಾ ಮಾತಾಸ್‌ಯಾರ್ವ್ ಎಂಬ ಸಣ್ಣ ಸರೋವರದ ದಂಡೆಯಲ್ಲಿ ನಿಂತಿದ್ದೀರಿ. ಕಾಲಡಿ ಮರಳು, ಅದರ ಮೇಲೆ ಉದುರಿದ ಪೈನ್ ಎಲೆಗಳು. ಹಿಮಯುಗ ಕರಗುತ್ತ ಬಿಟ್ಟುಹೋದ ಮರಳುದಿಬ್ಬಗಳ ನಡುವಿನ ತಗ್ಗುಗಳಲ್ಲಿ ಇಂಥ ಸರೋವರಗಳು ಈ ಸುತ್ತಿನಲ್ಲಿ ನಲವತ್ತರಷ್ಟಿವೆ. ಮೀನು ಹಿಡಿಯುವವರಿಗೆ, ಬೇಸಿಗೆಯಲ್ಲಿ ಈಜುವವರಿಗೆ ಒಂದಕ್ಕೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ಇವತ್ತು ಮಾತ್ರ ಜನರೆಲ್ಲ ಈ ಒಂದರ ದಂಡೆಗೇ ಬಂದು ಸೇರಿದ್ದಾರೆ.

ಬೆನ್ನ ಹಿಂದೆ ನೆಲ ನಡುಗುತ್ತಿದೆ. ತಿರುಗಿ ನೋಡಿದರೆ ಹಳದಿ ಬಣ್ಣದ ಕೊಮಾತ್ಸು ಡಿ375ಎ-2 ಬುಲ್ಡೋಜರ್, 68 ಟನ್ ತೂಕದ್ದು. ನಾರ್ವಾದ ತೆರೆದ ಗಣಿಯಿಂದ ತಂದದ್ದು. ಎಣ್ಣೆ ಅಡಗಿದ ಶೇಲ್ ಕಲ್ಲನ್ನು ಅಗೆದು, ಅದನ್ನೇ ಸುಟ್ಟು ವಿದ್ಯುತ್ ಮಾಡುವ ನಾಡು ಇದು. ಇಷ್ಟು ದೊಡ್ಡ ಯಂತ್ರ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು ಎನ್ನುವುದೇ ಅರ್ಧ ಅದೃಷ್ಟ. ಅದರ ಹಿಂಬದಿಯ ಕೊಂಡಿಯಿಂದ ಹೊರಟ ಉಕ್ಕಿನ ಹಗ್ಗ ಇಳಿಜಾರಿನುದ್ದಕ್ಕೂ ಮಲಗಿ ನೀರಿನೊಳಕ್ಕೆ ಇಳಿದಿದೆ. ಅದರ ಇನ್ನೊಂದು ತುದಿ ಮೂರು ಮೀಟರ್ ಪೀಟ್‌ನ ಕೆಳಗಿದೆ. ಸಾವಿರಾರು ವರ್ಷ ಕೊಳೆತೂ ಪೂರ್ತಿ ಕೊಳೆಯದ ಪಾಚಿ, ಬೇರು, ಎಲೆಗಳ ಕಪ್ಪು ರಾಡಿ ಅದು. ಡೈವರ್‌ಗಳು ತಳಕ್ಕಿಳಿದು ಯುದ್ಧಕಾಲದ ಟ್ಯಾಂಕೊಂದನ್ನು ಪತ್ತೆ ಮಾಡಿದ್ದು ಅಲ್ಲೇ. ಆ ರಾಡಿಯಲ್ಲಿ ಕೈ ಅಲ್ಲಾಡಿಸಿದರೆ ಸಾಕು, ಕಣ್ಣೆದುರಿನದೂ ಕಾಣಿಸದು. ಮುಟ್ಟಿ ಮುಟ್ಟಿಯೇ ತಿಳಿಯಬೇಕು, ಇದು ಚೈನು, ಇದು ಟರೆಟ್ಟು, ಇದು ಕೊಳವೆ ಎಂದು.

"ಹಿಂದೆ ಸರೀರಿ, ಹಿಂದೆ!"

ಸರಿಯಿರಿ. ಬಿಗಿದ ಉಕ್ಕಿನ ಹಗ್ಗ ತುಂಡಾದರೆ ಅದರ ತುದಿ ಬೀಸಿ ಬರುವ ಏಟಿಗೆ ಮನುಷ್ಯನ ಕಾಲು ಉಳಿಯದು. ಎಂಜಿನ್ನಿನ ದನಿ ದಪ್ಪವಾಗುತ್ತದೆ. ಮಲಗಿದ್ದ ಹಗ್ಗ ಮರಳಿನಿಂದ ಮೇಲೆದ್ದು, ನೀರು ಉದುರಿಸಿ, ಸೆಟೆದು ನಿಲ್ಲುತ್ತದೆ. ಅಷ್ಟೇ. ಸರೋವರದಲ್ಲಿ ಒಂದು ಅಲೆಯೂ ಇಲ್ಲ. ಕೊಮಾತ್ಸುವಿನ ಚೈನುಗಳೇ ನೆಲವನ್ನು ಕೆರೆಯುತ್ತಿವೆ.

ನಾಟಿಯ ಗದ್ದೆಯಲ್ಲಿ ಮೊಣಕಾಲವರೆಗೆ ಹೂತ ಕಾಲನ್ನು ಕಿತ್ತವರಿಗೆ ಇದು ಹೇಳದೆ ಗೊತ್ತು. ಭಾರಕ್ಕಿಂತ ಕೆಸರಿನ ಹೀರುವಿಕೆಯೇ ದೊಡ್ಡದು. ಅಡಿಗೆ ನೀರೋ ಗಾಳಿಯೋ ನುಸುಳುವವರೆಗೆ ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಜೋರಿಗಿಂತ ತಾಳ್ಮೆಯದೇ ಕೆಲಸ. ಎಳೆದು ಹಿಡಿ, ಕಾಯಿ, ಮತ್ತೆ ಎಳೆ. ನಡುನಡುವೆ ಯಂತ್ರ ನಿಲ್ಲುತ್ತದೆ, ಕೊಂಡಿ ಪರೀಕ್ಷೆಯಾಗುತ್ತದೆ, ಜನ ಗುಂಪುಗುಂಪಾಗಿ ಮಾತಿಗೆ ತೊಡಗುತ್ತಾರೆ. ಮಾತೆಲ್ಲ ಸುತ್ತಿ ಬರುವುದು ಒಬ್ಬ ಹುಡುಗನ ಹತ್ತಿರಕ್ಕೆ.

1944ರ ಸೆಪ್ಟೆಂಬರ್. ಫೆಬ್ರವರಿಯಿಂದ ನಾರ್ವಾ ನದಿಯ ಸುತ್ತ ಕೆಂಪು ಸೇನೆಯನ್ನು ತಡೆದು ನಿಲ್ಲಿಸಿದ್ದ ಜರ್ಮನ್ ಸಾಲು ಈಗ ಕಳಚಿಕೊಂಡು ಪಶ್ಚಿಮಕ್ಕೆ ಹಿಂದೆಗೆಯುತ್ತಿದೆ. ಹತ್ತಿರದ ಹುಡುಗನೊಬ್ಬ ಈ ದಂಡೆಯಲ್ಲಿ ನಡೆದು ಹೋಗುತ್ತ ಟ್ಯಾಂಕಿನ ಜಾಡು ನೋಡಿದ. ಅದು ನೀರಿನೊಳಕ್ಕೆ ಹೋಗಿತ್ತು. ಆಚೆ ಎಲ್ಲಿಯೂ ಹತ್ತಿ ಬಂದಿರಲಿಲ್ಲ. ಮುಂದೆ ಎರಡು ತಿಂಗಳು ಆ ಜಾಗದಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದವಂತೆ. ಒಳಗೆ ಸಿಕ್ಕಿಬಿದ್ದ ಗಾಳಿ ಸಂದುಗೊಂದುಗಳಿಂದ ನುಸುಳಿಕೊಂಡು ಬರುವ ಗುಳ್ಳೆಗಳು. ದೊಡ್ಡವರಿಗೆ ಆಗ ಜೀವ ಉಳಿಸಿಕೊಳ್ಳುವುದೇ ಕೆಲಸ. ಗುಳ್ಳೆ ನೋಡಲು ಪುರುಸೊತ್ತಿದ್ದದ್ದು ಹುಡುಗರಿಗೆ ಮಾತ್ರ. ಅವನು ನೋಡಿದ, ಮರೆಯಲಿಲ್ಲ. ದಶಕಗಳ ಮೇಲೆ 'ಒತ್ಸಿಂಗ್' ಎಂಬ ಸ್ಥಳೀಯ ಯುದ್ಧ ಇತಿಹಾಸ ಕ್ಲಬ್ಬಿನವರಿಗೆ ಹೇಳಿದ. ದಾಖಲೆ ಕೋಣೆಗಳಲ್ಲಿ ಕೂತು ಯುದ್ಧ ಬರೆಯುವವರಿಗೆ ಈ ಸಾಕ್ಷಿ ಸಿಕ್ಕುವಂತಿರಲಿಲ್ಲ ಎಂಬುದು ನನಗೆ ಇಡೀ ಕಥೆಯಲ್ಲೇ ರುಚಿಯ ಭಾಗ.

ಮತ್ತೆ ಎಂಜಿನ್. ಈ ಸಲ ಹಗ್ಗದ ಬುಡದಲ್ಲಿ ನೀರು ಕದಡಿ ಕಪ್ಪಾಗುತ್ತದೆ. ದೊಡ್ಡ ಗುಳ್ಳೆಗಳು ಒಡೆಯುತ್ತವೆ, ಜೊತೆಗೆ ಕೊಳೆತ ಜೊಂಡಿನ ವಾಸನೆ. ಮೊದಲು ಕಾಣುವುದು ಟ್ಯಾಂಕ್ ಅಲ್ಲ, ಒಂದು ರಾಡಿಯ ದಿಬ್ಬ. ದಿಬ್ಬ ಇಂಚಿಂಚೇ ದಂಡೆಯ ಕಡೆ ಬರುತ್ತದೆ. ಅದರ ಮೈಯಿಂದ ಪೀಟ್ ಹೆಂಟೆ ಹೆಂಟೆಯಾಗಿ ಜಾರುತ್ತದೆ. ಜಾರಿದಲ್ಲೆಲ್ಲ ನೇರವಾದ ಅಂಚುಗಳು ಮೂಡುತ್ತವೆ, ಕೆಸರಿಗೆ ಎಂದೂ ಇರದಂಥವು.

ಕಷ್ಟದ ಗಳಿಗೆ ಈಗ ಬಂತು. ನೀರಿನಲ್ಲಿರುವಷ್ಟು ಹೊತ್ತು ನೀರೇ ಒಂದಿಷ್ಟು ಭಾರ ಹೊತ್ತಿತ್ತು. ಇಳಿಜಾರು ಏರತೊಡಗಿದಂತೆ 30 ಟನ್ನೂ ಹಗ್ಗಕ್ಕೇ ಬೀಳುತ್ತದೆ, ಹೊಟ್ಟೆಯೊಳಗೆ ತುಂಬಿದ ನೀರು ಕೆಸರಿನ ತೂಕ ಬೇರೆ. ಇಲ್ಲಿ ಹಗ್ಗ ಸಡಿಲಿದರೆ ಟ್ಯಾಂಕ್ ಹಿಂದಕ್ಕೆ ಜಾರಿ ಮತ್ತೆ ತಳ ಸೇರುತ್ತದೆ. ದಂಡೆಯ ಮೇಲೆ ಯಾರೂ ಮಾತಾಡುತ್ತಿಲ್ಲ. ಎರಡೂವರೆ ಕಳೆದಿದೆ. ಕೊಮಾತ್ಸು ಗಕ್ಕನೆ ನಿಲ್ಲದೆ, ಓಡದೆ, ಒಂದೇ ಹದದಲ್ಲಿ ಏರುತ್ತಿದೆ. ಚಾಲಕನಿಗೆ ಮನಸ್ಸಿನಲ್ಲೇ ಕೈ ಮುಗಿಯಬೇಕೆನಿಸುತ್ತದೆ.

ಮೂರು ಗಂಟೆಗೆ ಅದು ಒಣನೆಲದ ಮೇಲಿದೆ. ಟಿ-34.

ಹತ್ತಿರ ಹೋಗಿ. ಪ್ರತಿ ಬದಿಗೆ ಐದು ದೊಡ್ಡ ಗಾಲಿಗಳು, ಅಗಲವಾದ ಚೈನು, ಓರೆಯಾಗಿ ಕೂರಿಸಿದ ಮುಂಭಾಗದ ಕವಚ, 76 ಮಿಲಿಮೀಟರ್ ತೋಪು. ಮಡಿಕೇರಿಯ ಸನ್ನಿಸೈಡಿನಲ್ಲಿ, ಜನರಲ್ ತಿಮ್ಮಯ್ಯ ಸ್ಮಾರಕದ ಅಂಗಳದಲ್ಲಿ ಟಿ-55 ನೋಡಿದವರಿಗೆ ಈ ಮೈಕಟ್ಟು ಎಲ್ಲೋ ಪರಿಚಯವೆನಿಸಬಹುದು. ಅದು ಇದೇ ವಂಶದ್ದು. ಕೆಸರನ್ನು ಅಂಗೈಯಿಂದ ಒರೆಸಿದರೆ ಕೈಗೆ ತುಕ್ಕು ಹತ್ತುವುದಿಲ್ಲ. 56 ವರ್ಷ ನೀರಿನಲ್ಲಿದ್ದ ಕಬ್ಬಿಣಕ್ಕೆ ತುಕ್ಕಿಲ್ಲ! ತುಕ್ಕಿಗೆ ನೀರೊಂದೇ ಸಾಲದು, ಆಮ್ಲಜನಕವೂ ಬೇಕು. ಪೀಟ್ ಕೊಳೆಯುತ್ತ ಕೊಳೆಯುತ್ತ ತನ್ನ ಸುತ್ತಲಿನ ಆಮ್ಲಜನಕವನ್ನೆಲ್ಲ ತಾನೇ ತಿಂದು ಮುಗಿಸಿರುತ್ತದೆ. ಹಿಂದೆಗೆಯುವಾಗ ಇದನ್ನು ನೀರಿಗೆ ದೂಡಿದವರು ತಮಗೇ ತಿಳಿಯದೆ ಕಾಪಾಡುವವನ ಕೈಗೇ ಒಪ್ಪಿಸಿ ಹೋಗಿದ್ದರು.

ಟರೆಟ್ಟಿನ ಮೇಲೆ ಇನ್ನೊಂದು ಪದರ ಕೆಸರು ಇಳಿಯುತ್ತದೆ, ಗುಂಪಿನಲ್ಲಿ ಗುಜುಗುಜು ಏಳುತ್ತದೆ. ಸೋವಿಯತ್ ಕಾರ್ಖಾನೆಯಲ್ಲಿ ಹುಟ್ಟಿದ ಟ್ಯಾಂಕಿನ ಮೈಮೇಲೆ ಜರ್ಮನ್ ಶಿಲುಬೆ ಇದೆ, ಬಣ್ಣ ಇನ್ನೂ ಗಟ್ಟಿಯಾಗಿದೆ. ಮುಳುಗುವ ಆರು ವಾರ ಮೊದಲಷ್ಟೇ ಜರ್ಮನ್ನರು ಇದನ್ನು ಸೆರೆಹಿಡಿದಿದ್ದರು. ಕೈಗೆ ಸಿಕ್ಕ ಟಿ-34ಗಳನ್ನು ಅವರು ಬಿಡುತ್ತಿರಲಿಲ್ಲ, ಅಷ್ಟು ಒಳ್ಳೆಯ ಯಂತ್ರ. ಆದರೆ ದೂರದಿಂದ ಆಕಾರ ನೋಡಿದ ಸ್ವಂತ ತೋಪುಗಾರರೇ ಹೊಡೆದಾರು ಎಂಬ ಭಯ. ಅದಕ್ಕೇ ಶಿಲುಬೆಯನ್ನು ಎದ್ದು ಕಾಣುವಂತೆ ಬಳಿಯುತ್ತಿದ್ದರು. ಆ ಸೆಪ್ಟೆಂಬರಿನಲ್ಲಿ ಈ ನಾಡಿನ ಹುಡುಗರ ಪಾಡೂ ಬೇರೆಯಿರಲಿಲ್ಲ. ಕೆಲವರಿಗೆ ಜರ್ಮನ್ ಸಮವಸ್ತ್ರ, ಕೆಲವರಿಗೆ ಕೆಂಪು ಸೇನೆಯದು. ಇಲ್ಲಿಂದ ಪಶ್ಚಿಮಕ್ಕೆ ಪೊರ್ಕುನಿಯಲ್ಲಿ ಎಸ್ಟೋನಿಯನ್ನರೇ ಎಸ್ಟೋನಿಯನ್ನರ ಎದುರು ನಿಂತು ಗುಂಡು ಹಾರಿಸಿದರು. ಈ ಟ್ಯಾಂಕಿಗೆ ಹಸಿರು ಬಳಿದು ಕೆಂಪು ನಕ್ಷತ್ರ ಹಾಕಿ ನಿಲ್ಲಿಸಲು ಯಾರಿಗಾದರೂ ಆಸೆಯಾದರೆ ತಡೆಯಬೇಕು ಎನ್ನುವವನು ನಾನು. ಶಿಲುಬೆ ಇಷ್ಟವೆಂದಲ್ಲ. ಎರಡು ಸೇನೆಗಳ ಕೈ ದಾಟಿದ್ದು ಮೈಮೇಲೇ ಕಾಣುವ ಟ್ಯಾಂಕ್ ಎಷ್ಟು ಉಳಿದಿದ್ದೀತು?

ಒಳಗೆ ಇಣುಕಲು ಎಲ್ಲರಿಗೂ ಅವಸರ. ನಾಲ್ಕು ಜನರ ಜಾಗ ಅದು. ಚಾಲಕ, ಅವನ ಪಕ್ಕ ರೇಡಿಯೊದವನು, ಮೇಲೆ ಗುಂಡು ತುಂಬುವವನು, ಕಮಾಂಡರ್. ಕಮಾಂಡರನೇ ಗುರಿಯಿಟ್ಟು ಹೊಡೆಯಲೂ ಬೇಕು. ನಾಲ್ವರಲ್ಲಿ ಒಬ್ಬನಿಗೂ ಕೈಕಾಲು ಚಾಚುವಷ್ಟು ಎಡೆಯಿಲ್ಲ. ಪರೀಕ್ಷಿಸಿದವರು ಆಮೇಲೆ ಹೇಳಿದ್ದು, ಎಂಜಿನ್ ಒಂದನ್ನು ಬಿಟ್ಟರೆ ಉಳಿದ ವ್ಯವಸ್ಥೆಗಳೆಲ್ಲ ಕೆಲಸ ಮಾಡುವ ಸ್ಥಿತಿಯಲ್ಲಿವೆ ಎಂದು.

ಆದರೆ ಅವಸರ ಪಡಬೇಡಿ. ಒಳಗೆ ಗುಂಡುಗಳಿವೆ, ತೋಪಿನ ಗುಂಡುಗಳು, 116. ಈ ಬಗೆಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಜೋಡಿಸುತ್ತಿದ್ದದ್ದು ಹೆಚ್ಚೆಂದರೆ ನೂರು. ಅಂದರೆ ಹೊಡೆಯಲು ಏನೂ ಉಳಿಯದೆ ಬಿಟ್ಟುಹೋದ ಟ್ಯಾಂಕಲ್ಲ ಇದು. ಮೂಲೆಮೂಲೆಗೂ ತುಂಬಿಕೊಂಡು, ಬಳಸದೆ, ನೀರಿಗಿಳಿಸಿದ್ದು. ಮದ್ದಿಗೆ ವಯಸ್ಸಾದಷ್ಟೂ ಅದರ ಸ್ವಭಾವ ನಂಬುವಂತಿಲ್ಲ. ಮೊದಲು ಅವು ಒಂದೊಂದಾಗಿ ಹೊರಬರಲಿ.