ಅಳತೆ ಪುಸ್ತಕ ಹಿಡಿದು ಬೀದಿಗೆ

ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಪುರಸಭೆಯ ಎಂಜಿನಿಯರಿಂಗ್ ಶಾಖೆ. ಬೆಳಿಗ್ಗೆ ಹನ್ನೊಂದು ಗಂಟೆ. ಬಾಗಿಲ ಪಕ್ಕದ ಗೋಡೆಯ ಮೇಲೆ ಮಾಹಿತಿ ಹಕ್ಕಿನ ಫಲಕವಿದೆ. ಮಾಹಿತಿ ಅಧಿಕಾರಿ ಯಾರು, ಮೇಲ್ಮನವಿ ಯಾರಿಗೆ ಎಂದು ಬಣ್ಣದಲ್ಲಿ ಬರೆಸಿದ್ದಾರೆ. ವರ್ಗವಾಗಿ ಹೋದವರ ಹೆಸರು ಇನ್ನೂ ಹಾಗೇ ಇದೆ. ನಿಮ್ಮ ಜತೆ ಬಂದವರು ಇಬ್ಬರು. ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು, ಇನ್ನೊಬ್ಬರು ಎರಡನೇ ಅಡ್ಡರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕ. ಜೋರು ಮಳೆ ಬಂದರೆ ಚರಂಡಿ ನೀರು ಮೊದಲು ನುಗ್ಗುವುದು ಆಕೆಯ ಅಂಗಡಿಗೇ. ಹೊಸ ಚರಂಡಿ ಆದ ಮೇಲೂ ನುಗ್ಗಿದೆ. ಅದಕ್ಕೇ ಈ ದಿನ ಅಂಗಡಿ ಮುಚ್ಚಿ ಬಂದಿದ್ದಾರೆ.

"ಕೂತ್ಕೊಳ್ಳಿ ಮೇಷ್ಟ್ರೇ, ಕಡತ ತರಿಸ್ತೀನಿ" ಎನ್ನುತ್ತಾರೆ ಕಿರಿಯ ಎಂಜಿನಿಯರ್. ಮೇಜಿನ ಮೇಲಿದ್ದ ಬ್ಲೂಪ್ರಿಂಟ್ ಸುರುಳಿಗಳನ್ನು ತಾವೇ ಸರಿಸಿ ಜಾಗ ಮಾಡಿಕೊಡುತ್ತಾರೆ.

ನೀವು ಅರ್ಜಿಯಲ್ಲಿ ಕೇಳಿದ್ದು ನಕಲನ್ನಲ್ಲ, ಪರಿಶೀಲನೆಯನ್ನು. 2005ರ ಮಾಹಿತಿ ಹಕ್ಕು ಅಧಿನಿಯಮದ 2(ಜೆ) ಸೆಕ್ಷನ್ ಕಡತ ನೋಡುವ, ಟಿಪ್ಪಣಿ ಮಾಡಿಕೊಳ್ಳುವ ಹಕ್ಕಿನ ಜತೆಗೆ ಕಾಮಗಾರಿಯನ್ನೇ ಸ್ಥಳದಲ್ಲಿ ಪರಿಶೀಲಿಸುವ ಹಕ್ಕನ್ನೂ ಕೊಡುತ್ತದೆ. ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೇಳಬಹುದು. ಇಷ್ಟು ದೊಡ್ಡ ಹಕ್ಕು ಇಪ್ಪತ್ತು ವರ್ಷಗಳಿಂದ ಕೈಯಲ್ಲಿದೆ, ಆದರೂ ಅರ್ಜಿ ಹಾಕುವವರಲ್ಲಿ ಬಹಳ ಜನ ನಕಲು ಕೈಗೆ ಬಂದರೆ ಸಾಕೆಂದು ಸುಮ್ಮನಾಗಿಬಿಡುತ್ತಾರೆ. ನಕಲಿನಲ್ಲಿ ಬೀದಿ ಕಾಣುವುದಿಲ್ಲ.

ಕಡತ ಬರುತ್ತದೆ. ರಟ್ಟಿನ ಹೊದಿಕೆ, ಬಿಳಿ ಟ್ಯಾಗ್ ದಾರ. ಒಂದು ಕಡೆ ಟಿಪ್ಪಣಿ ಹಾಳೆ, ಇನ್ನೊಂದು ಕಡೆ ಪತ್ರಗಳು. ಆಡಳಿತಾತ್ಮಕ ಅನುಮೋದನೆ ಇದೆ, ತಾಂತ್ರಿಕ ಮಂಜೂರಾತಿ ಇದೆ, ಅಂದಾಜು ಪಟ್ಟಿ, ಟೆಂಡರ್ ಪ್ರಕಟಣೆ, ಕಾರ್ಯಾದೇಶ ಎಲ್ಲವೂ ಕ್ರಮವಾಗಿವೆ. ಸಹಿ, ಮೊಹರು, ದಿನಾಂಕ, ಯಾವುದಕ್ಕೂ ಕೊರತೆಯಿಲ್ಲ. ಕಾಮಗಾರಿಯ ಫೋಟೋಗಳೂ ಇವೆ. ಹಸಿ ಕಾಂಕ್ರೀಟಿನ ಪಕ್ಕ ಯಾರೋ ಸ್ಲೇಟು ಹಿಡಿದು ನಿಂತಿದ್ದಾರೆ. ಕಚೇರಿಯಲ್ಲೇ ಕೂತು ನೋಡುವ ಲೆಕ್ಕಪರಿಶೋಧಕರಿಗೆ ಇಲ್ಲಿ ಆಕ್ಷೇಪಣೆ ಬರೆಯಲು ಏನೂ ಸಿಗದು.

"ಎಂ.ಬಿ. ಕೊಡಿ ಸಾರ್" ಎನ್ನುತ್ತಾರೆ ಮೇಷ್ಟ್ರು.

ಎಂ.ಬಿ. ಎಂದರೆ ಅಳತೆ ಪುಸ್ತಕ. ಪುಟಕ್ಕೆ ಪುಟ ಕ್ರಮಸಂಖ್ಯೆ ಅಚ್ಚಾಗಿರುವ, ಹಾಳೆ ಕೀಳಲು ಅವಕಾಶವಿಲ್ಲದ ಪುಸ್ತಕ. ಕೆಲಸ ಎಷ್ಟಾಗಿದೆ ಎಂದು ಎಂಜಿನಿಯರ್ ಸ್ಥಳದಲ್ಲೇ ನಿಂತು ಬರೆಯಬೇಕಾದ್ದು ಇದರಲ್ಲಿ. ಗುತ್ತಿಗೆದಾರನ ಬಿಲ್ ಪಾಸಾಗುವುದು ಇದರ ಆಧಾರದ ಮೇಲೆ. ಪುರಸಭೆಯ ಖಜಾನೆಯ ಬೀಗ ಇರುವುದು ಈ ಪುಟದಲ್ಲಿ ಎಂದು ನಾನು ನಂಬಿದ್ದೇನೆ.

ಪುಟ ತೆರೆಯಿರಿ. ನಂಬರು, ಉದ್ದ, ಅಗಲ, ಆಳ, ಪ್ರಮಾಣ ಎಂದು ಗೆರೆ ಎಳೆದ ಕಾಲಂಗಳು. ತಳದ ಕಾಂಕ್ರೀಟು: 84.00 ಮೀಟರ್ ಉದ್ದ, 0.75 ಅಗಲ, 0.10 ದಪ್ಪ, ಒಟ್ಟು 6.30 ಘನ ಮೀಟರ್. ಪಕ್ಕದ ಗೋಡೆ ಎರಡು: 84.00 ಉದ್ದ, 0.15 ದಪ್ಪ, 0.60 ಎತ್ತರ, ಒಟ್ಟು 15.12 ಘನ ಮೀಟರ್. ಮೇಷ್ಟ್ರು ಮನಸ್ಸಿನಲ್ಲೇ ಗುಣಿಸಿ ತಲೆಯಾಡಿಸುತ್ತಾರೆ. ಗುಣಾಕಾರ ಸರಿಯಾಗಿದೆ. ಕೆಳಗೆ ಕಿರಿಯ ಎಂಜಿನಿಯರ್ ಸಹಿ, ಅದರ ಪಕ್ಕ ಬೇರೆ ಶಾಯಿಯಲ್ಲಿ ಮೇಲಧಿಕಾರಿಯ ಚೆಕ್ ಮೆಷರ್‌ಮೆಂಟ್ ಸಹಿ. ಅಕ್ಕ ಆ ಪುಟದ ಮೇಲೆ ಬೆರಳಿಟ್ಟು ಒಂದೇ ಮಾತು ಕೇಳುತ್ತಾರೆ: "84 ಮೀಟ್ರು ಅಂದ್ರೆ ಎಲ್ಲಿಂದ ಎಲ್ಲಿಗೆ ಸಾರ್?"

ಪುಟದಲ್ಲಿ ಅದಕ್ಕೆ ಉತ್ತರವಿಲ್ಲ. ಯಾರ ಮನೆಯಿಂದ ಯಾರ ಮನೆವರೆಗೆ ಎಂದು ಬರೆದಿಲ್ಲ. "ಎರಡನೇ ಅಡ್ಡರಸ್ತೆ" ಎಂದಷ್ಟೇ ಇದೆ.

ಈಗ ಬೀದಿಗೆ ಬನ್ನಿ. ಎಂಜಿನಿಯರ್ ಜತೆಗೇ ಬಂದಿದ್ದಾರೆ, ಅದನ್ನು ಮೆಚ್ಚಲೇಬೇಕು. ಟೇಪಿನ ಒಂದು ತುದಿ ಅಕ್ಕನ ಕೈಯಲ್ಲಿ, ಇನ್ನೊಂದು ನಿಮ್ಮ ಕೈಯಲ್ಲಿ. ಮೂಲೆಯ ಹಿಟ್ಟಿನ ಗಿರಣಿಯಿಂದ ಹೊಸ ಕಾಂಕ್ರೀಟಿನ ಬಣ್ಣ ಮುಗಿಯುವ ಜಾಗದವರೆಗೆ ಎಳೆದರೆ 71.5 ಮೀಟರ್. ಅಲ್ಲಿಂದ ಮುಂದೆ ಇರುವುದು ಹಳೇ ಕಲ್ಲಿನ ಚರಂಡಿ. ಅದರ ಅಂಚು ಪಾಚಿ ಕಟ್ಟಿದೆ, ಕಲ್ಲಿನ ಸಂದಿಯಲ್ಲಿ ಗಿಡ ಎದ್ದಿದೆ. ಹೊಸದು ಹಳೆಯದನ್ನು ಕೂಡುವ ಕಡೆ ತಳ ಒಂದು ಗೇಣಿನಷ್ಟು ಏರಿದೆ. ನೀರು ಅಲ್ಲಿಗೆ ಬಂದು ನಿಲ್ಲುತ್ತದೆ, ನಿಂತದ್ದು ಹಿಂದಕ್ಕೆ ಉಕ್ಕಿ ಅಂಗಡಿಗೆ ನುಗ್ಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ನೀರಿನ ಸಂಪರ್ಕಕ್ಕೆಂದು ಗೋಡೆ ಒಡೆದ ಜಾಗವಿದೆ. ಮೇಷ್ಟ್ರು ಕೂತು ಅಲ್ಲಿ ಸ್ಕೇಲಿಡುತ್ತಾರೆ. ಗೋಡೆಯ ದಪ್ಪ 10 ಸೆಂಟಿಮೀಟರ್. ಪುಸ್ತಕದಲ್ಲಿರುವುದು 15.

ಒಂದು ಕಡೆ ಕಂಡದ್ದನ್ನು ಇಡೀ ಉದ್ದಕ್ಕೆ ಹಿಡಿಯಲು ಬರುವುದಿಲ್ಲ, ಮೇಷ್ಟ್ರೂ ಹಾಗೆ ಹಿಡಿಯುವುದಿಲ್ಲ. ದಪ್ಪ 15 ಎಂದೇ ಒಪ್ಪಿಕೊಂಡು ಉದ್ದವನ್ನಷ್ಟೇ ಸರಿಪಡಿಸಿದರೂ ಗೋಡೆಯ ಲೆಕ್ಕ 15.12ರಿಂದ 12.87ಕ್ಕೆ ಇಳಿಯುತ್ತದೆ. ಎಂಜಿನಿಯರ್ ಮುಖ ಕೆಂಪಾಗುತ್ತದೆ. "ಅಂಗಡಿ ಸಾಲಿನ ಮುಂದೆ ಹಳೇದೇ ಚೆನ್ನಾಗಿದೆ ಅಂತ ಬಿಟ್ವಿ ಸಾರ್. ಉಳಿದ ಕಾಂಕ್ರೀಟನ್ನ ಪಕ್ಕದ ಮೋರಿ ದುರಸ್ತಿಗೆ ಹಾಕ್ಸಿದ್ವಿ" ಎನ್ನುತ್ತಾರೆ. ನಿಜವಿರಬಹುದು. ಸಣ್ಣ ಊರುಗಳಲ್ಲಿ ಕೆಲಸ ಹೀಗೆಯೂ ನಡೆಯುತ್ತದೆ. ಒಬ್ಬ ಎಂಜಿನಿಯರ್ ಹತ್ತಾರು ವಾರ್ಡು ಓಡಾಡುತ್ತಾರೆ. ಆದರೆ ಆ ಬದಲಾವಣೆಗೆ ಒಪ್ಪಿಗೆ ಪಡೆದ ಒಂದು ಸಾಲೂ ಕಡತದಲ್ಲಿಲ್ಲ. ಕದ್ದದ್ದೋ, ಬೇರೆಡೆ ಬಳಸಿದ್ದೋ ಎಂದು ಬೇರ್ಪಡಿಸಿ ಹೇಳಲು ಯಾರಿಗೂ ಸಾಧ್ಯವಿಲ್ಲದ ಹಾಗೆ ಪುಟ ತುಂಬಿದೆ. ಪ್ರಾಮಾಣಿಕ ಎಂಜಿನಿಯರನ್ನೂ ಕಾಪಾಡದ ಕಾಗದವಿದು.

ಇದೇ ಕೆಲಸವನ್ನು 2002ರ ಡಿಸೆಂಬರ್‌ನಲ್ಲಿ ದೆಹಲಿಯ ಸುಂದರ್ ನಗರಿಯ ಜನ ಮಾಡಿದ್ದರು. ಪರಿವರ್ತನ್ ಸಂಘಟನೆಯವರು ದೆಹಲಿಯ ಅಂದಿನ ಮಾಹಿತಿ ಹಕ್ಕು ಕಾಯ್ದೆಯಡಿ ಮಹಾನಗರ ಪಾಲಿಕೆಯ ಕಾಮಗಾರಿಗಳ ದಾಖಲೆ ಪಡೆದು, ಬೀದಿ ಬೀದಿ ಸುತ್ತಿ ತಾಳೆ ನೋಡಿ, ಜನರ ನಡುವೆ ಓದಿ ಹೇಳಿದರು. ಹಣ ಕೊಟ್ಟ ಕೈಪಂಪು ಎಲ್ಲಿ ಎಂದು ಆ ಓಣಿಯವರೇ ಕೇಳಿದರು. ಅದೇ ವರ್ಷ ಬೆಂಗಳೂರಿನಲ್ಲಿ ಪ್ರೂಫ್ ಎಂಬ ಅಭಿಯಾನ, ಪಾಲಿಕೆ ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ನಾಗರಿಕರ ಮುಂದಿಡಬೇಕೆಂದು ಒತ್ತಾಯಿಸಿತು. ಕರ್ನಾಟಕ ಅದಕ್ಕೂ ಮುನ್ನ, 1999ರಲ್ಲೇ, ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗೆಂದು ಕಾಯ್ದೆ ತಂದಿತ್ತು. ಟೆಂಡರು ಹೇಗೆ ಕರೆಯಬೇಕು ಎಂಬುದನ್ನು ಅದು ಬಿಗಿ ಮಾಡಿತು. ಟೆಂಡರ್ ಮಿತಿಯೊಳಗೆ ಕೂರುವಂತೆ ಒಂದೇ ಬೀದಿಯ ಕೆಲಸವನ್ನು ಮೂರು ತುಂಡು ಮಾಡುವ ಚಾಳಿ ಅದರಿಂದ ನಿಂತಿಲ್ಲ. ಟೆಂಡರ್ ಮುಗಿದ ಮೇಲೆ ಬಿಲ್ ಪಾವತಿಯವರೆಗಿನ ದಾರಿಯಲ್ಲಿ ಬೀದಿಯ ಜನರ ಕಣ್ಣು ಬೀಳುವ ಜಾಗವಂತೂ ಕಡಿಮೆಯೇ.

ಮಾಹಿತಿ ಹಕ್ಕಿಗೂ ಇಲ್ಲಿ ಕೈಗೆಟುಕದ ಒಂದು ಸಂಗತಿಯಿದೆ, ಅದು ಸಮಯ. ಅರ್ಜಿಗೆ 30 ದಿನ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ ಇನ್ನೂ 30 ದಿನ, ಕಾರಣ ಬರೆದರೆ 45. ಅಷ್ಟರಲ್ಲಿ ಬಿಲ್ ಪಾಸಾಗಿರುತ್ತದೆ, ಚರಂಡಿಯ ಮೇಲೆ ಚಪ್ಪಡಿ ಕೂತಿರುತ್ತದೆ. ಮುಗಿದ ಮೇಲೆ ಸಿಗುವ ಮಾಹಿತಿಯಿಂದ ವಸೂಲಿ ನೋಟಿಸು ಹೊರಡಬಹುದು, ಅಂಗಡಿಗೆ ನುಗ್ಗುವ ನೀರು ನಿಲ್ಲುವುದಿಲ್ಲ.

ಹಿಟ್ಟಿನ ಗಿರಣಿಯ ಜಗಲಿಯಲ್ಲಿ ಕೂತಿದ್ದೀರಿ. ಟೀ ಬಂದಿದೆ. ಅಕ್ಕ ತಮ್ಮ ತವರಿನ ಮಾತು ತೆಗೆಯುತ್ತಾರೆ. ಅವರದು ಪಕ್ಕದ ಗ್ರಾಮ ಪಂಚಾಯಿತಿ. ಅಲ್ಲಿ ಗ್ರಾಮಸಭೆ ಇದೆ, ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಜನರ ಎದುರು ಲೆಕ್ಕದ ಪುಸ್ತಕ ತೆರೆದು, ಕಾಮಗಾರಿ ನಡೆದ ಕಡೆಗೂ ಹೋಗಿ ನೋಡಬೇಕು. ಚೆನ್ನಾಗಿಯೇ ನಡೆಯುತ್ತದೆಂದಲ್ಲ, ಆದರೆ ನಡೆಸದಿದ್ದರೆ ಕೇಳುವ ಹಕ್ಕಿದೆ. "ನಮ್ಮಣ್ಣ ಅಲ್ಲಿ ಎದ್ದು ನಿಂತು ಕೇಳ್ತಾನೆ. ಇಲ್ಲಿ ನಾನು ಯಾವ ಸಭೇಲಿ ಕೇಳ್ಲಿ?"

ಈ ಪ್ರಶ್ನೆಗೆ ನಮ್ಮ ನಗರಾಡಳಿತದ ಕಾನೂನಿನಲ್ಲಿ ತೃಪ್ತಿಕರ ಉತ್ತರವಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದು ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ಪಟ್ಟಣ ಪಂಚಾಯಿತಿ, ಪುರಸಭೆಗಳ ಜನ ಅದರಿಂದ ಹೊರಗುಳಿದರು. ಗ್ರಾಮ ಪಂಚಾಯಿತಿಯನ್ನು ಮೇಲ್ದರ್ಜೆಗೇರಿಸಿ ಪಟ್ಟಣ ಪಂಚಾಯಿತಿ ಮಾಡಿದ ದಿನ ಪಟಾಕಿ ಹೊಡೆಯುತ್ತೇವೆ. ಅದೇ ದಿನ ಆ ಊರಿನವರ ಕೈಯಿಂದ ಗ್ರಾಮಸಭೆ, ಜಮಾಬಂದಿ ಎರಡೂ ಜಾರಿಹೋಗುತ್ತವೆ. ಬಜೆಟ್‌ಗೆ ಮುನ್ನ ಸಾರ್ವಜನಿಕರ ಪೂರ್ವಭಾವಿ ಸಭೆ ಎಂಬುದೊಂದಿದೆ, ಆದರೆ ಅಲ್ಲಿ ಮುಂದಿನ ವರ್ಷದ ಬೇಡಿಕೆ ಹೇಳಬಹುದೇ ಹೊರತು ಹಿಂದಿನ ವರ್ಷದ ಚರಂಡಿಯ ಲೆಕ್ಕ ಕೇಳುವ ರೂಢಿಯಿಲ್ಲ. ದೊಡ್ಡ ನಗರದ ಪಾಡೂ ಹೇಳಿಕೊಳ್ಳುವಂತಿಲ್ಲ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ನಗರ ನಡೆಸಿದರು. ಆ ವರ್ಷಗಳಲ್ಲಿ ವಾರ್ಡಿನ ಜನ ಹೋಗಿ ತಡೆದು ಕೇಳಲು ಕಾರ್ಪೊರೇಟರ್ ಇರಲಿಲ್ಲ. ಉತ್ತರದಾಯಿತ್ವದ ನೀತಿಯನ್ನು ಪರಿಶೀಲಿಸುವ ಸಮಿತಿ ಯಾವುದೇ ಇರಲಿ, ಮೊದಲು ಕೈ ಹಾಕಬೇಕಾದ್ದು ಬೀದಿಯವರಿಗೆ ಲೆಕ್ಕ ಕೇಳಲು ಸಭೆಯಿಲ್ಲದ ಈ ಕೊರತೆಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಜಾಲತಾಣ, ಇನ್ನೊಂದು ಫಲಕ ಆಮೇಲೆ ಬರಲಿ.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದಿದ್ದಾರೆ. ಮುಖ್ಯಾಧಿಕಾರಿಗಳಿಗೆ ಮನವಿ, ಪ್ರತಿ ಪುರಸಭೆ ಅಧ್ಯಕ್ಷರಿಗೆ, ಮುಂದಿನ ಸಾಮಾನ್ಯ ಸಭೆಯಲ್ಲಿ ಠರಾವಿಗೆ ಇಡಲು. ಅಳತೆ ಬರೆಯುವಾಗ ಎಲ್ಲಿಂದ ಎಲ್ಲಿಗೆ ಎಂದು ಮನೆ ನಂಬರು ಹಾಕಬೇಕು. ಬಿಲ್ ಪಾವತಿಗೆ ಏಳು ದಿನ ಮೊದಲು ಆ ಪುಟದ ನಕಲನ್ನು ಕಾಮಗಾರಿ ನಡೆದ ಬೀದಿಯಲ್ಲೇ ಅಂಟಿಸಬೇಕು, ಅಷ್ಟರೊಳಗೆ ಬಂದ ಆಕ್ಷೇಪಣೆಗೆ ಉತ್ತರ ಬರೆಯದೆ ಹಣ ಬಿಡುಗಡೆ ಮಾಡಬಾರದು. ಕೆಲಸದಲ್ಲಿ ಬದಲಾವಣೆಯಾದರೆ ಕಾರಣ ಸಮೇತ ಕಡತಕ್ಕೆ ಸೇರಬೇಕು. ಎಂಜಿನಿಯರ್ ಬಗ್ಗಿ ಓದುತ್ತಾರೆ. "ಇದೊಂದು ಠರಾವಾದ್ರೆ ನಮಗೂ ಒಳ್ಳೇದೇ ಸಾರ್, ಯಾರಾದ್ರೂ ಒತ್ತಡ ಹಾಕಿದ್ರೆ ತೋರಿಸಬಹುದು" ಎನ್ನುತ್ತಾರೆ, ದನಿ ತಗ್ಗಿಸಿ.

"ಕೂಡು ಚರಂಡಿಯ ತಳ ಸರಿಮಾಡೋದನ್ನೂ ಬರೀರಿ, ಮಳೆಗಾಲಕ್ಕೆ ಮುಂಚೆ" ಎಂದು ಅಕ್ಕ ನೆನಪಿಸುತ್ತಾರೆ. ಮೇಷ್ಟ್ರು ಅದನ್ನು ಮೊದಲನೇ ಅಂಶವಾಗಿ ಸೇರಿಸುತ್ತಾರೆ. ಮೂವರ ಸಹಿ ಬೀಳುತ್ತದೆ. ಟಪಾಲು ಶಾಖೆ ಊಟದ ಹೊತ್ತಿಗೆ ಮುಚ್ಚುವ ಮೊದಲು ಸ್ವೀಕೃತಿಯ ಮೊಹರು ಹಾಕಿಸಬೇಕು. ಮೂರನೇ ಅಡ್ಡರಸ್ತೆಯ ಕಾರ್ಯಾದೇಶ ಆಗಲೇ ಹೊರಟಿದೆ, ಸೋಮವಾರ ಅಲ್ಲಿ ತಳದ ಕಾಂಕ್ರೀಟು ಹಾಕುತ್ತಾರಂತೆ. ಆ ಬೆಳಿಗ್ಗೆ ಟೇಪು ಹಿಡಿದು ಯಾರು ನಿಲ್ಲುವುದು ಎಂದು ಅಕ್ಕ ಆ ರಸ್ತೆಯ ಹೆಂಗಸರಿಗೆ ಫೋನು ಮಾಡತೊಡಗಿದ್ದಾರೆ.