ವಾರಸುದಾರರಿಲ್ಲದ ದೂರುಗಳು

ರಾತ್ರಿ ಊಟವಾಗಿದೆ. ಲ್ಯಾಪ್‌ಟಾಪ್ ತೆರೆದು, ಡೆಬಿಯನ್ ಎಂಬ ಲಿನಕ್ಸ್ ಯೋಜನೆಯ ಬಗ್ ಪಟ್ಟಿಯ ಮುಂದೆ ಕೂತಿದ್ದೀರಿ. ಪುಟದಲ್ಲಿ ಅಲಂಕಾರವೇನಿಲ್ಲ, ಒಂದು ಸಂಖ್ಯೆ, ಪಕ್ಕದಲ್ಲಿ ಒಂದು ಸಾಲಿನ ದೂರು, ಅದರ ಕೆಳಗೆ ಮತ್ತೊಂದು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆಯಲ್ಲಿ ಬಗ್‌ಗಳ ಕ್ರಮಸಂಖ್ಯೆ 2021ರಲ್ಲೇ 10 ಲಕ್ಷ ಮುಟ್ಟಿತು. ನೀವು ಹೊಕ್ಕಿರುವುದು ಅದರೊಳಗೆ ಯಾರೂ ಓಡಾಡದ ಓಣಿಯೊಂದಕ್ಕೆ. ಇಲ್ಲಿನ ದೂರುಗಳು ಯಾವ ಪ್ಯಾಕೇಜುಗಳ ಮೇಲೆ ಬಂದಿದ್ದವೋ ಆ ಪ್ಯಾಕೇಜುಗಳೇ ಈಗ ಇಲ್ಲ. ಪ್ಯಾಕೇಜನ್ನು ನೋಡಿಕೊಳ್ಳುವ ಮೇಂಟೇನರ್‌ನ ಹೆಸರಿರಬೇಕಾದ ಕಡೆ 'ಅನ್‌ನೋನ್ ಪ್ಯಾಕೇಜ್' ಎಂದಷ್ಟೇ ಇದೆ.

ಮೊದಲನೆಯದನ್ನು ಒತ್ತುತ್ತೀರಿ. ಐಸ್‌ವೀಸಲ್ ಬ್ರೌಸರಿನ ಮೇಲಿನ ದೂರು: ಪ್ರಿಂಟ್ ಕೊಟ್ಟರೆ ಪುಟದ ಕೊನೆಯ ಸಾಲು ಅರ್ಧ ಕತ್ತರಿಸಿ ಬರುತ್ತದೆ. ಟ್ರೇಡ್‌ಮಾರ್ಕ್ ತಕರಾರಿನಿಂದಾಗಿ 2006ರಲ್ಲಿ ಡೆಬಿಯನ್ ಫೈರ್‌ಫಾಕ್ಸ್‌ಗೆ ಕೊಟ್ಟ ಹೆಸರದು. 2016ರಲ್ಲಿ ಅದು ಮತ್ತೆ ಫೈರ್‌ಫಾಕ್ಸ್ ಆಯಿತು. ಬ್ರೌಸರ್ ಹೊಸ ಹೆಸರಿಗೆ ಹೋಯಿತು, ಈ ದೂರು ಹಳೆಯ ಹೆಸರಿನಲ್ಲೇ ಉಳಿಯಿತು. ವರ್ಚುವಲ್ ಮಷೀನಿನಲ್ಲಿ ಇವತ್ತಿನ ಆವೃತ್ತಿ ಹಾಕಿ, ಅದೇ ಬಗೆಯ ಪುಟವನ್ನು ಪಿಡಿಎಫ್‌ಗೆ ಪ್ರಿಂಟ್ ಮಾಡುತ್ತೀರಿ. ಕೊನೆಯ ಸಾಲು ಈಗಲೂ ಅರ್ಧವೇ. ದೂರಿಗೆ ಜೀವವಿದೆ, ಅದನ್ನು ಹೊಸ ಹೆಸರಿಗೆ ಸೇರಿಸಬೇಕು.

ಇಲ್ಲಿ ವ್ಯವಹಾರವೆಲ್ಲ ಇಮೇಲಿನಲ್ಲಿ. ಕಂಟ್ರೋಲ್ ವಿಳಾಸಕ್ಕೆ ಒಂದು ಸಾಲು ಬರೆಯುತ್ತೀರಿ: ರೀಅಸೈನ್, ಬಗ್ ಸಂಖ್ಯೆ, ಹೊಸ ಪ್ಯಾಕೇಜಿನ ಹೆಸರು. ಕೆಳಗೆ 'ಥ್ಯಾಂಕ್ಸ್'. ಅದು ಬರೀ ಸೌಜನ್ಯವಲ್ಲ. ಆದೇಶಗಳು ಮುಗಿದವು ಎಂದು ಯಂತ್ರಕ್ಕೆ ತಿಳಿಯುವುದೇ ಅದರಿಂದ. ಸ್ವಲ್ಪ ಹೊತ್ತಿನಲ್ಲೇ ಉತ್ತರ: ಕೆಲಸ ಆಗಿದೆ.

ಎರಡನೆಯದು ಅಷ್ಟು ಸಲೀಸಲ್ಲ. ಪೈಥಾನ್ 2ರಲ್ಲಿ ಬರೆದಿದ್ದ ಸಣ್ಣ ಸಾಧನ. 2020ರ ಆರಂಭದಲ್ಲಿ ಪೈಥಾನ್ 2ಕ್ಕೆ ಬೆಂಬಲ ನಿಂತಾಗ, ಪೈಥಾನ್ 3ಕ್ಕೆ ಬದಲಾಗದ ಇಂಥ ಎಷ್ಟೋ ಪ್ಯಾಕೇಜುಗಳನ್ನು ಡೆಬಿಯನ್ ತೆಗೆದುಹಾಕಿತು. ದೂರು ಕೊಟ್ಟವರು ಸುಮ್ಮನೆ ಗೊಣಗಿಲ್ಲ, ಪ್ಯಾಚ್ ಸಮೇತ ಕಳಿಸಿದ್ದಾರೆ. ಯಾರೂ ಉತ್ತರಿಸಿಲ್ಲ. ಸ್ನ್ಯಾಪ್‌ಶಾಟ್ ಸಂಗ್ರಹದಿಂದ ಹಳೆಯ ಆವೃತ್ತಿ ತಂದು ಪ್ಯಾಚ್ ಹಾಕಿ ನೋಡುತ್ತೀರಿ. ಸರಿಯಾಗಿಯೇ ಇದೆ. ಹಾಕಲು ಪ್ಯಾಕೇಜೇ ಇಲ್ಲ.

ಮೂರನೆಯದರಲ್ಲಿ ಇರುವುದು 'ಒಮ್ಮೊಮ್ಮೆ ಕ್ರ್ಯಾಶ್ ಆಗುತ್ತದೆ' ಎಂಬುದು ಮಾತ್ರ. 'ಮೋರ್‌ಇನ್ಫೋ' ಟ್ಯಾಗ್ ಹಚ್ಚಿ, ವಿವರ ಕೇಳಿ ದೂರುದಾರರಿಗೆ ಬರೆಯುತ್ತೀರಿ. ಪತ್ರ ಹಿಂದಕ್ಕೆ ಬರುತ್ತದೆ. ಅದು ಯಾವುದೋ ಕಾಲೇಜಿನ ವಿಳಾಸ. ವಿದ್ಯಾರ್ಥಿ ಎಂದೋ ಹೊರಬಿದ್ದಿರಬೇಕು.

ಪಟ್ಟಿ ಇನ್ನೂ ಉದ್ದವಿದೆ. ಐದು ವರ್ಷಕ್ಕಿಂತ ಹಳೆಯದನ್ನೆಲ್ಲ ಒಂದೇ ಸ್ಕ್ರಿಪ್ಟಿನಲ್ಲಿ ಮುಚ್ಚಿಬಿಡೋಣವೇ ಅನ್ನಿಸುತ್ತದೆ. ಹಾಗೆ ಮಾಡಿದ್ದರೆ ಪ್ರಿಂಟಿನ ದೂರೂ ಹೋಗುತ್ತಿತ್ತು. ಹಳೆಯದಾಗಿದೆ ಎಂಬುದು ಮುಚ್ಚಲು ಕಾರಣವಾಗದು.

ಜೊತೆಗೆ, ಬಗ್ ಮುಚ್ಚುವುದೆಂದರೆ ಸಂಖ್ಯೆಯ ಮುಂದೆ 'ಡನ್' ಎಂದಿರುವ ವಿಳಾಸಕ್ಕೆ ಪತ್ರ ಬರೆಯುವುದು. ನೀವು ಬರೆದದ್ದು ನೇರ ದೂರುದಾರರ ಕೈಗೆ ಹೋಗುತ್ತದೆ. ಎಷ್ಟೋ ವರ್ಷ ಉತ್ತರವೇ ಕಾಣದವರಿಗೆ ಯೋಜನೆಯಿಂದ ಹೋಗುವ ಮೊದಲ ಮಾತು ಅದೇ ಇರಬಹುದು. ಪ್ಯಾಚ್ ಕಳಿಸಿದವರಿಗೆ ಬರೆಯುತ್ತೀರಿ: ನಿಮ್ಮ ತಿದ್ದುಪಡಿ ಸರಿಯಾಗಿತ್ತು, ಯಾರೂ ನೋಡದೆ ಹೋದದ್ದು ನಮ್ಮ ಕಡೆಯ ತಪ್ಪು, ಪ್ಯಾಕೇಜ್ ಈಗ ಇಲ್ಲದ್ದರಿಂದ ಮುಚ್ಚುತ್ತಿದ್ದೇವೆ. ಮೂರನೆಯ ದೂರಿನಲ್ಲಿ, ಪತ್ರ ಹಿಂದಕ್ಕೆ ಬಂದದ್ದನ್ನೇ ದಾಖಲಿಸಿ ಮುಚ್ಚುತ್ತೀರಿ.

ಮುಚ್ಚಿದ ಬಗ್ 28 ದಿನ ಅಲುಗಾಡದಿದ್ದರೆ ಆರ್ಕೈವ್ ಸೇರುತ್ತದೆ. ಅಲ್ಲಿಂದಲೂ ಅದನ್ನು ಹೊರತೆಗೆದು ಮತ್ತೆ ತೆರೆಯಬಹುದು. ಅದಕ್ಕೇ ಯಾವ ಆವೃತ್ತಿಯಲ್ಲಿ ಏನು ಮಾಡಿ ನೋಡಿದಿರಿ, ಏನು ಕಂಡಿತು, ಏನು ಕಾಣಲಿಲ್ಲ ಎಂಬುದನ್ನು ಪ್ರತಿ ಪತ್ರದಲ್ಲೂ ಬರೆದಿಡುತ್ತೀರಿ. ಮುಂದೆ ಇದನ್ನು ತೆರೆಯುವವರು ನೀವು ನಿಲ್ಲಿಸಿದಲ್ಲಿಂದ ಶುರು ಮಾಡಬೇಕೇ ಹೊರತು ಮೊದಲಿನಿಂದಲ್ಲ.