ಬೆಟ್ಟದ ನಂದಿಯವರೆಗೆ

ಬೇಸಿಗೆ ರಜೆಗೆ ಮೈಸೂರಿಗೆ ಬಂದ ಮೊಮ್ಮಗಳು ಮೊದಲ ದಿನವೇ ಕೇಳಿದಳು, ‘ತಾತ, ಈ ಸಲ ಚಾಮುಂಡಿ ಬೆಟ್ಟಕ್ಕೆ ಸೈಕಲ್ಲಲ್ಲಿ ಹೋಗೋಣ್ವಾ?’ ನಾನು ಉತ್ತರ ಕೊಡಲಿಲ್ಲ. ಏಳು ತಿಂಗಳಿಂದ ನನ್ನ ಬಲಮಂಡಿ ನೋಯುತ್ತಿತ್ತು. ಚಿಪ್ಪಿನ ಮುಂಭಾಗದಲ್ಲೇ ನೋವು. ಮೆಟ್ಟಿಲು ಇಳಿಯುವಾಗ ಇನ್ನೂ ಜಾಸ್ತಿ. ‘ಆ ಸೈಕಲ್ ಮಾರಿಬಿಡಿ’ ಎಂದು ಅವಳ ಅಜ್ಜಿ ಎಷ್ಟು ಸಲ ಹೇಳಿದ್ದಳೋ! ಎಣ್ಣೆ ತಿಕ್ಕಿದೆ, ಪಟ್ಟಿ ಸುತ್ತಿದೆ. ಎರಡು ವಾರ ಸೈಕಲ್ ಬಿಟ್ಟರೆ ಕಡಿಮೆ, ಹತ್ತಿದರೆ ಮತ್ತೆ ಶುರು.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಅವರು ಮಂಡಿಯನ್ನು ಮಡಿಸಿ, ಚಾಚಿಸಿ ನೋಡಿದರು. ಊತವಿಲ್ಲ, ತೊಡೆಯ ಸ್ನಾಯು ಸೋತಿದೆ ಎಂದರು. ಕುರ್ಚಿಯಲ್ಲಿ ಕೂತು ಕಾಲನ್ನು ನಿಧಾನವಾಗಿ ನೇರಮಾಡಿ ಇಳಿಸುವ ವ್ಯಾಯಾಮ ಹೇಳಿಕೊಟ್ಟರು. ಆಮೇಲೆ ಕೇಳಿದರು, ‘ಸೀಟು ಎಷ್ಟು ಎತ್ತರಕ್ಕಿದೆ?’

ಅದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆಯಾಯಿತು. ಒಮ್ಮೆ ಸಿಗ್ನಲ್ಲಿನಲ್ಲಿ ವಾಲಿ ಬಿದ್ದಿದ್ದೆ. ಅಂದಿನಿಂದ ಎರಡು ಪಾದವೂ ಪೂರ್ತಿ ನೆಲಕ್ಕೆ ಊರುವಷ್ಟು ಸೀಟು ಇಳಿಸಿಕೊಂಡಿದ್ದೆ. ಹಾಗೆ ಕೂತರೆ ಪ್ರತಿ ತುಳಿತಕ್ಕೂ ಮಂಡಿ ಹೆಚ್ಚು ಮಡಚುತ್ತದೆ, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಬೀಳುವ ಭಯಕ್ಕೆ ಮಂಡಿ ದಂಡ ಕಟ್ಟುತ್ತಿತ್ತು!

ಸೈಕಲ್ ಷಾಪಿನವರು ನನ್ನನ್ನು ಸೀಟಿನ ಮೇಲೆ ಕೂರಿಸಿ, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಡಿಸಿದರು. ಕಾಲು ಹೆಚ್ಚುಕಡಿಮೆ ನೇರವಾಗಬೇಕಂತೆ. ಆಗ ಮುಂಗಾಲಿನಿಂದ ತುಳಿದರೆ ಮಂಡಿಯಲ್ಲಿ ಸಣ್ಣ ಬಾಗು ಉಳಿಯುತ್ತದೆ. ಸೀಟನ್ನು ಒಂದೇ ದಿನಕ್ಕಲ್ಲ, ವಾರಕ್ಕಿಷ್ಟು ಎಂದು ಏರಿಸಿದೆವು. ತೀರಾ ಎತ್ತರವಾದರೆ ಮಂಡಿಯ ಹಿಂಭಾಗ ನೋಯುತ್ತದೆ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಒಂದು ಕಾಲು ಊರುವುದನ್ನು ಮೊಮ್ಮಗಳೇ ಕಲಿಸಿದಳು. ಅರವತ್ತೆಂಟರ ವಯಸ್ಸಿನಲ್ಲಿ ಹತ್ತು ವರ್ಷದ ಮೇಷ್ಟ್ರು!

ಅವಳ ರಜೆ ಮುಗಿಯುವ ವಾರ, ಬೆಳಗಿನ ಜಾವ, ವಾಹನಗಳು ಏಳುವ ಮೊದಲು ಹೊರಟೆವು. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ, ಮುಂದೆ ಚಿಕ್ಕ ಚಕ್ರ, ಹಿಂದೆ ದೊಡ್ಡದು ಮಾಡಿಕೊಂಡೆ. ಮೊದಲೆಲ್ಲ ಭಾರದ ಗೇರಿನಲ್ಲಿ ಎದ್ದುನಿಂತು ತುಳಿಯುವುದೇ ಶೌರ್ಯ ಅಂದುಕೊಂಡಿದ್ದೆ. ಈಗ ಹಗುರವಾಗಿ, ಬೇಗಬೇಗ ಕಾಲಾಡಿಸಿದೆ. ಸೈಕಲ್ ಮಾತ್ರ ಆಮೆಯಂತೆ ಹೋಯಿತು. ಮಂಗಗಳು ಕಟ್ಟೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದವು.

ಒಂದು ತಿರುವಿನಲ್ಲಿ ನಿಂತೆವು. ಕೆಳಗೆ ಲಲಿತಮಹಲ್ ಬೆಳ್ಳಗೆ, ಅದರಾಚೆ ಊರು ಮಂಜಿನಲ್ಲಿ. ‘ನೋವಾ ತಾತ?’ ‘ಇಲ್ಲ ಪುಟ್ಟಿ, ಉಸಿರು.’ ಅದು ನಿಜವೇ ಆಗಿತ್ತು.

ಕವಲುದಾರಿ ಹಿಡಿದು ನಂದಿಯ ಮುಂದೆ ಇಳಿದೆವು. ಒಂದೇ ಬಂಡೆಯ ಸುಮಾರು 15 ಅಡಿ ಎತ್ತರದ ನಂದಿ. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದ್ದು. ಬೆಟ್ಟದ ಸಾವಿರ ಮೆಟ್ಟಿಲುಗಳೂ ಅವರ ಕಾಲದವೇ. ಮೊಮ್ಮಗಳು ನಂದಿಯ ಕೊರಳಿನ ಗಂಟೆಗಳನ್ನು ಎಣಿಸತೊಡಗಿ, ಮಧ್ಯದಲ್ಲೇ ಲೆಕ್ಕ ತಪ್ಪಿದಳು.

‘ಇನ್ನು ದೇವಸ್ಥಾನಕ್ಕಾ?’ ಎಂದಳು. ಮಂಡಿಯಲ್ಲಿ ಸಣ್ಣಗೆ ಚುಳುಕ್ ಎಂದಿತ್ತು. ಹಿಂದಿನ ನಾನಾಗಿದ್ದರೆ ಹೋಗೇಬಿಡುತ್ತಿದ್ದೆ, ಮೂರು ದಿನ ಮಲಗುತ್ತಿದ್ದೆ. ‘ಇವತ್ತಿಗೆ ಇಷ್ಟೇ’ ಎಂದೆ. ಅವಳ ಮುಖ ಸಪ್ಪಗಾಯಿತು. ಅಲ್ಲಿಂದಲೇ ದೇವಿಗೆ ಕೈಮುಗಿದು, ಎರಡು ಬ್ರೇಕನ್ನೂ ಹದವಾಗಿ ಹಿಡಿದು ಇಳಿದೆವು.

ಮನೆಯಲ್ಲಿ ಅಜ್ಜಿ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಮಂಡಿಯನ್ನು. ಮೊಮ್ಮಗಳು ಅಷ್ಟರಲ್ಲೇ ಕ್ಯಾಲೆಂಡರ್ ತಿರುವಿ ದಸರಾ ರಜೆ ಹುಡುಕುತ್ತಿದ್ದಳು.